ಶರತ್ಕಾಲದ ಬಣ್ಣಕ್ಕೆ ಯಾವ ಗಿಡ? ಹೈದರಾಬಾದ್ ಬಾಲ್ಕನಿಯ ಲೆಕ್ಕಾಚಾರ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಓದೋಕೆ ಅನುಕೂಲ ಆಗಲಿ ಅಂತ ಸ್ವಲ್ಪ ತಿದ್ದಿ, ಜೋಡಿಸಿ ಇಲ್ಲಿ ಹಾಕಿದ್ದೇನೆ. ನರ್ಸರಿಗೆ ಹೋಗುವಾಗ ಫೋನಿನಲ್ಲಿ ತೆಗೆದು ನೋಡಿಕೊಳ್ಳಬಹುದು.

ಅಕ್ಟೋಬರ್ ಬಂತು ಅಂದರೆ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ನ್ಯೂಜೆರ್ಸಿಯಿಂದಲೋ ಸಿಯಾಟಲ್‌ನಿಂದಲೋ ಕೆಂಪು, ಕಿತ್ತಳೆ ಮರಗಳ ಫೋಟೋ ಬರೋಕೆ ಶುರು. ಅದನ್ನು ನೋಡಿದ ಮೇಲೆ ಕೊಂಡಾಪುರದ ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ನಿಂತು, "ನಮ್ಮಲ್ಲೂ ಹೀಗೆ ಏನಾದ್ರೂ ಮಾಡಬಹುದಾ?" ಅಂತ ಅನ್ನಿಸೋದು ಸಹಜ. ಮಾಡಬಹುದು. ಆದರೆ ಮೇಪಲ್ ಬೀಜವನ್ನು ಆನ್‌ಲೈನಿನಲ್ಲಿ ತರಿಸಿ ಅಲ್ಲ. ಹೈದರಾಬಾದಿನ ಶರತ್ಕಾಲಕ್ಕೆ ಅದರದ್ದೇ ಬಣ್ಣ ಇದೆ. ಆ ಬಣ್ಣ ಇರೋದು ಎಲೆಯಲ್ಲಿ ಅಲ್ಲ, ಹೂವಿನಲ್ಲಿ. ಅದಕ್ಕೆ ಬೇಕಾದ್ದು ದುಬಾರಿ ಗೊಬ್ಬರ ಅಲ್ಲ, ಕತ್ತಲೆ.

ಎಲೆ ಯಾಕೆ ಕೆಂಪಾಗಲ್ಲ?

ತಂಪು ದೇಶದ ಮರಗಳು ಹಿಮಗಾಲಕ್ಕೆ ಮೊದಲೇ ಅಂಗಡಿ ಮುಚ್ಚುತ್ತವೆ. ಹಗಲು ಚಿಕ್ಕದಾಗುತ್ತಾ ಬಂದಂತೆ ಎಲೆಯ ಹಸಿರು ವಸ್ತು ಒಡೆದು ಕರಗುತ್ತದೆ, ಅಲ್ಲಿವರೆಗೆ ಅದರಡಿ ಅಡಗಿದ್ದ ಹಳದಿ ಕಾಣಿಸುತ್ತದೆ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಎರಡೂ ಸೇರಿದರೆ ಕೆಲವು ಜಾತಿಗಳಲ್ಲಿ ಕೆಂಪು ಬಣ್ಣ ಹೊಸದಾಗಿ ತಯಾರಾಗುತ್ತದೆ. ಹೈದರಾಬಾದಿನ ಅಕ್ಟೋಬರ್ ರಾತ್ರಿ ಅಷ್ಟು ತಣ್ಣಗೆ ಇರೋದೇ ಇಲ್ಲ. ಮೇಪಲ್ ಗಿಡಕ್ಕೆ ಚಳಿಯ ವಿಶ್ರಾಂತಿಯೂ ಬೇಕು, ಅದು ಇಲ್ಲಿ ಸಿಗಲ್ಲ. ಅದರ ಮೇಲೆ ನಮ್ಮ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲು.

ನಮ್ಮ ಮರಗಳು ಎಲೆ ಉದುರಿಸುವುದು ಚಳಿಗೆ ಹೆದರಿ ಅಲ್ಲ, ಒಣ ಕಾಲಕ್ಕೆ ಹೆದರಿ. ಹಾಗಾಗಿ ನಮ್ಮ ಎಲೆ ಬಣ್ಣದ ಕಾಲ ಜನವರಿಯಿಂದ ಮಾರ್ಚ್. ರಸ್ತೆ ಪಕ್ಕದ ಕಾಡುಬಾದಾಮಿ ಮರ ಆಗ ಕೆಂಪಗೆ ಉರಿಯುತ್ತದೆ, ನೋಡಿ. ಮುತ್ತುಗ ಎಲೆಯೆಲ್ಲ ಕಳಚಿಕೊಂಡು ಫೆಬ್ರವರಿ, ಮಾರ್ಚ್‌ನಲ್ಲಿ ಹೂವಾಗುತ್ತದೆ. ನಮ್ಮ ಪಂಚಾಂಗದ ಲೆಕ್ಕವೂ ಇದೇ. ಆಶ್ವಯುಜ, ಕಾರ್ತಿಕ ಶರದೃತು. ಎಲೆ ಉದುರುವುದು ಮಾಘ, ಫಾಲ್ಗುಣದ ಶಿಶಿರದಲ್ಲಿ. ಇಂಗ್ಲಿಷಿನ ಆಟಮ್‌ಗೆ ನಾವು ಶರತ್ಕಾಲ ಅಂತ ಅನುವಾದ ಮಾಡಿಕೊಂಡಾಗ ತಿಂಗಳು ಹೊಂದಿತು, ಮರ ಹೊಂದಲಿಲ್ಲ.

ಶರತ್ಕಾಲದಲ್ಲಿ ಹೂ ಯಾಕೆ ಅಷ್ಟೊಂದು? ಹೈದರಾಬಾದಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದುಹೋಗುತ್ತದೆ. ಮಣ್ಣಲ್ಲಿ ಇನ್ನೂ ತೇವ ಇದೆ, ಆಕಾಶ ತಿಳಿಯಾಗಿದೆ, ದುಂಬಿ ಚಿಟ್ಟೆ ಧಾರಾಳ, ಮುಂದೆ ಎಂಟು ತಿಂಗಳು ಒಣ ಕಾಲ. ಬೀಜ ಕಟ್ಟಬೇಕಾದ ಗಿಡಕ್ಕೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ.

ಗಿಡ ನೋಡುವ ಗಡಿಯಾರ

ಗಿಡಕ್ಕೆ ತಿಂಗಳು ಹೇಗೆ ಗೊತ್ತಾಗುತ್ತೆ? ಅನೇಕ ಜಾತಿಗಳು ಅಳೆಯುವುದು ರಾತ್ರಿಯ ಉದ್ದವನ್ನು. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಹೂವಿಗೂ ಹಗಲಿನ ಉದ್ದಕ್ಕೂ ಇರುವ ನಂಟನ್ನು ಪ್ರಕಟಿಸಿದರು. ಅವರ ಬಳಿ ಒಂದು ತಂಬಾಕು ತಳಿ ಇತ್ತು. ಬೇಸಿಗೆ ಪೂರ್ತಿ ಆಳೆತ್ತರಕ್ಕೆ ಬೆಳೆಯುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ದಿನಾ ಮಧ್ಯಾಹ್ನವೇ ಅದನ್ನು ಕತ್ತಲೆ ಕೋಣೆಗೆ ಸೇರಿಸಿದಾಗ ಬೇಸಿಗೆಯಲ್ಲೇ ಹೂ ಬಿಟ್ಟಿತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ದೀರ್ಘ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ತೋರಿಸಿದರೂ ಸಾಕು, ಅವರು ಪರೀಕ್ಷಿಸಿದ ಗಿಡದಲ್ಲಿ ಹೂ ನಿಂತುಹೋಗುತ್ತಿತ್ತು. ಅಂದರೆ ಗಿಡ ಎಣಿಸುವುದು ಮುರಿಯದ ಕತ್ತಲೆಯನ್ನು.

ಹೈದರಾಬಾದ್ ಇರುವುದು ಸುಮಾರು 17.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಕೊನೆಯ ಹಗಲು ಇಲ್ಲಿ ಸುಮಾರು 13 ಗಂಟೆ 10 ನಿಮಿಷ, ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ. ಎರಡು ಗಂಟೆಯ ವ್ಯತ್ಯಾಸ ಅಷ್ಟೆ, ನಮಗೆ ಗೊತ್ತೂ ಆಗಲ್ಲ. ಸೇವಂತಿಗೆಗೆ ಗೊತ್ತಾಗುತ್ತೆ.

ಬೆಂಗಳೂರಿನಿಂದ ಕಾರಿನಲ್ಲಿ ರಾತ್ರಿ ಹೊರಟು ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬರುವವರು ಚಿಕ್ಕಬಳ್ಳಾಪುರದ ಕಡೆ ಹೊಲದ ತುಂಬ ಬಲ್ಬುಗಳು ಉರಿಯುವುದನ್ನು ನೋಡಿರಬಹುದು. ಅದು ಮದುವೆ ಅಲಂಕಾರ ಅಲ್ಲ, ಸೇವಂತಿಗೆ ಹೊಲ. ಗಿಡ ಸಣ್ಣದಿರುವಾಗಲೇ ಮೊಗ್ಗು ಕಟ್ಟಿಬಿಟ್ಟರೆ ಇಳುವರಿ ಇಲ್ಲ. ಅದಕ್ಕೆ ರೈತರು ರಾತ್ರಿಯನ್ನು ಬೆಳಕಿನಿಂದ ಮುರಿದು, ಗಿಡ ಸಾಕಷ್ಟು ಬೆಳೆದ ಮೇಲೆ ದೀಪ ಆರಿಸುತ್ತಾರೆ. ಆಮೇಲೆ ಮೊಗ್ಗು.

ರೈತರು ಬೇಕು ಅಂತ ಮಾಡೋದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೇಡದಿದ್ದರೂ ಆಗುತ್ತಿರುತ್ತದೆ. ನಾನು ಒಂದೇ ತಾಯಿಗಿಡದ ಮರಿಗಳನ್ನು ಎರಡು ಕುಂಡಕ್ಕೆ ಹಾಕಿ, ಒಂದನ್ನು ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಯುವ ಕಾರಿಡಾರ್ ಪಕ್ಕ, ಇನ್ನೊಂದನ್ನು ಬಟ್ಟೆ ಒಣಗಿಸುವ ಕತ್ತಲೆ ಬದಿಯಲ್ಲಿ ಇಟ್ಟು ನೋಡಿದೆ. ಮಣ್ಣು ಒಂದೇ, ನೀರು ಒಂದೇ, ಇಬ್ಬರಿಗೂ ಹಗಲು ಒಳ್ಳೆ ಬಿಸಿಲು. ನವೆಂಬರ್‌ನಲ್ಲಿ ಕತ್ತಲೆ ಬದಿಯ ಕುಂಡದ ತುಂಬ ಹಳದಿ. ಕಾರಿಡಾರಿನದ್ದು ಹಸಿರಾಗಿ, ದಷ್ಟಪುಷ್ಟವಾಗಿ ನಿಂತಿತ್ತು, ಒಂದು ಮೊಗ್ಗಿಲ್ಲ. "ಗೊಬ್ಬರ ಎಷ್ಟು ಹಾಕಿದ್ರೂ ಸೇವಂತಿಗೆ ಹೂ ಬಿಡ್ತಿಲ್ಲ" ಅನ್ನುವವರು ಮೊದಲು ತಲೆ ಎತ್ತಿ ದೀಪ ಎಲ್ಲಿದೆ ನೋಡಿ. ದೂರದ ಬೀದಿ ದೀಪದಿಂದ ತೊಂದರೆ ಕಡಿಮೆ. ರಾತ್ರಿ ಗಿಡದ ಪಕ್ಕ ಕೂತು ಪೇಪರ್ ಓದೋಕೆ ಆಗುತ್ತೆ ಅಂದರೆ ಆ ಜಾಗ ಸೇವಂತಿಗೆಗೆ ಬೇಡ.

ಯಾವ ದಿಕ್ಕಿನ ಬಾಲ್ಕನಿ?

ಕತ್ತಲೆ ಆಯಿತು, ಇನ್ನು ಬಿಸಿಲು. ಹೈದರಾಬಾದಿನಲ್ಲಿ ವರ್ಷಕ್ಕೆ ಎರಡು ಸಲ, ಮೇ 9ರ ಆಸುಪಾಸು ಮತ್ತು ಆಗಸ್ಟ್ 3ರ ಆಸುಪಾಸು, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಬಾಟಲಿಗೆ ನೆರಳೇ ಇರಲ್ಲ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆಗಸ್ಟ್ ದಾಟಿದ ಮೇಲೆ ದಕ್ಷಿಣಕ್ಕೆ ಇಳಿಯುತ್ತಾ ಹೋಗುತ್ತಾನೆ.

ಇದರ ಅರ್ಥ ಇಷ್ಟು. ಜೂನ್‌ನಲ್ಲಿ ಬಿಸಿಲು ಬೀಳುತ್ತಿದ್ದ ಉತ್ತರದ ಬಾಲ್ಕನಿಗೆ ಅಕ್ಟೋಬರ್‌ನಲ್ಲಿ ನೇರ ಬಿಸಿಲು ಇರಲ್ಲ. ಜೂನ್‌ನಲ್ಲಿ ನೆರಳಾಗಿದ್ದ ದಕ್ಷಿಣದ ಬಾಲ್ಕನಿಗೆ ಡಿಸೆಂಬರ್‌ನಲ್ಲಿ ಬಿಸಿಲು ಒಳಗಿನ ತನಕ ಬರುತ್ತೆ. ಮಳೆಗಾಲದಲ್ಲಿ ಬಾಲ್ಕನಿ ನೋಡಿ ಗಿಡ ಆರಿಸಿದರೆ ಲೆಕ್ಕ ತಪ್ಪುತ್ತದೆ. ಶರತ್ಕಾಲದ ಹೂಗಿಡಕ್ಕೆ ದಕ್ಷಿಣ ಮೊದಲ ಆಯ್ಕೆ, ಪೂರ್ವ ಎರಡನೆಯದು. ಪಶ್ಚಿಮ ಆದರೂ ನಡೆಯುತ್ತೆ, ನೀರು ಜಾಸ್ತಿ ಬೇಕು. ಉತ್ತರ ಮಾತ್ರ ಇರುವವರಿಗೆ ಬೇರೆ ಪಟ್ಟಿ ಇದೆ, ಕೆಳಗೆ ಹೇಳ್ತೀನಿ.

ಆರಿಸಬೇಕಾದ ಗಿಡಗಳು

ಚೆಂಡು ಹೂ ಚೆನ್ನಾಗಿರುತ್ತೆ, ಆದರೆ ಅದು ಒಂದು ಹಂಗಾಮಿನ ಗಿಡ. ಪ್ರತಿ ವರ್ಷ ಹೊಸದು ಬೇಕು. ಬಾಡಿಗೆ ಮನೆಯಲ್ಲಿದ್ದೀವಿ, ಮನೆ ಬದಲಾಯಿಸ್ತಾ ಇರ್ತೀವಿ ಅನ್ನುವವರಿಗೂ ನಾನು ಹೇಳೋದು ಬಹುವಾರ್ಷಿಕ ಗಿಡವನ್ನೇ. ಕುಂಡದ ಸಮೇತ ಜೊತೆಗೆ ಬರುತ್ತೆ, ಒಂದು ಗಿಡದಿಂದ ಮುಂದಿನ ವರ್ಷ ನಾಲ್ಕು ಆಗುತ್ತೆ.

ಸೇವಂತಿಗೆ: ನರ್ಸರಿಯಲ್ಲಿ "ಚಾಮಂತಿ" ಅಂತ ಕೇಳಿ. ಹೂ ತುಂಬಿದ ಗಿಡ್ಡನೆಯ ಕುಂಡ ಕಂಡು ಮರುಳಾಗಬೇಡಿ. ಅಂಥವನ್ನು ಅನೇಕ ಸಲ ಬೆಳವಣಿಗೆ ತಡೆಯುವ ಔಷಧ ಕೊಟ್ಟು ಗಿಡ್ಡ ಮಾಡಿರುತ್ತಾರೆ, ಮುಂದಿನ ವರ್ಷ ಅದೇ ಗಿಡ ಮೊಣಕಾಲೆತ್ತರ ಬೆಳೆಯಬಹುದು. ನಾಟಿ ಹಳದಿ, ಬಿಳಿ ತಳಿಗಳು ನಮ್ಮ ಹವೆಗೆ ಚೆನ್ನಾಗಿ ಒಗ್ಗುತ್ತವೆ. ಜೂನ್‌ನಿಂದ ಆಗಸ್ಟ್ ಮೊದಲ ವಾರದ ತನಕ ತುದಿ ಚಿವುಟುತ್ತಾ ಇರಿ, ಕವಲು ಹೆಚ್ಚುತ್ತದೆ. ಆಮೇಲೆ ಚಿವುಟಬೇಡಿ. ಹೂ ಮುಗಿದ ಮೇಲೆ ಗಿಡ ಕಿತ್ತೆಸೆಯಬೇಡಿ. ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಬುಡದಲ್ಲಿ ಮರಿ ಏಳುತ್ತವೆ. ಫೆಬ್ರವರಿಯಲ್ಲಿ ಅವನ್ನು ಬೇರ್ಪಡಿಸಿ ನೆಡಿ. ಕಷ್ಟ ಇರೋದು ಏಪ್ರಿಲ್, ಮೇನಲ್ಲಿ. ಆ ಎರಡು ತಿಂಗಳು ಮಧ್ಯಾಹ್ನದ ಬಿಸಿಲಿನಿಂದ ಉಳಿಸಿಕೊಂಡರೆ ಗಿಡ ನಿಮ್ಮದೇ.

ಗೊರಟೆ: ಕೆಲವು ಕಡೆ ಸ್ಫಟಿಕದ ಹೂ ಅಂತಾರೆ, ಇಲ್ಲಿ "ಡಿಸೆಂಬರ್ ಪೂಲು". ನೇರಳೆ, ಬಿಳಿ, ಗುಲಾಬಿ ಬಣ್ಣಗಳಲ್ಲಿ ಸಿಗುತ್ತೆ. ಸೇವಂತಿಗೆಯಷ್ಟು ಹಟಮಾರಿ ಅಲ್ಲ, ಕಡ್ಡಿ ನೆಟ್ಟರೆ ಬರುತ್ತೆ. ಸೇವಂತಿಗೆಯ ಹಳದಿ ಪಕ್ಕ ಗೊರಟೆಯ ನೇರಳೆ ಇಟ್ಟು ನೋಡಿ. ಹೂ ಮುಗಿದ ಮೇಲೆ ಅರ್ಧಕ್ಕೆ ಸವರಬೇಕು.

ಕನಕಾಂಬರ: ಉತ್ತರದ ಬಾಲ್ಕನಿಯವರು ಇದನ್ನು ತನ್ನಿ. ಅರೆ ನೆರಳಿನಲ್ಲೂ ಕಿತ್ತಳೆ ಹೂ ಬಿಡುತ್ತೆ, ದಸರಾಕ್ಕೂ ಇರುತ್ತೆ, ಆಮೇಲೂ ಇರುತ್ತೆ. ಒಣಗಿದ ತೆನೆ ತೆಗೆಯುತ್ತಾ ಇದ್ದರೆ ಹೊಸ ತೆನೆ ಬರುತ್ತದೆ. ಬೇರಿಗೆ ಜಂತುಹುಳು ಬೀಳುವ ಗಿಡ ಇದು, ಹಳೆ ಕುಂಡದ ಮಣ್ಣನ್ನೇ ಮತ್ತೆ ಬಳಸಬೇಡಿ.

ಪಾರಿಜಾತ: ಟೆರೇಸ್ ಅಥವಾ ನೆಲ ಇರುವವರಿಗೆ. ಮಳೆಗಾಲದ ಕೊನೆಯಿಂದ ಹೂ ಶುರು. ರಾತ್ರಿ ಅರಳಿ ಬೆಳಗಿನ ಜಾವ ಉದುರುತ್ತೆ. ಬಿಳಿ ಎಸಳು, ಕೇಸರಿ ತೊಟ್ಟು. ಬಣ್ಣ ಕೊಂಬೆ ಮೇಲಲ್ಲ, ನೆಲದ ಮೇಲೆ ಬರುವ ಗಿಡ ಇದು. ಕೆಳಗೆ ಗುಡಿಸಿ ಜಾಗ ಚೊಕ್ಕಟವಾಗಿ ಇಟ್ಟುಕೊಂಡಷ್ಟೂ ಚೆಂದ.

ಪಾಯಿನ್‌ಸೆಟಿಯಾ: ಕೆಂಪು ಎಲೆಯೇ ಬೇಕು ಅಂತ ಹಟ ಇರುವವರಿಗೆ. ಹೂವಿನ ಸುತ್ತಲಿನ ಎಲೆಗಳೇ ಕೆಂಪಾಗುತ್ತವೆ, ಮೇಪಲ್ ಆಸೆ ಸ್ವಲ್ಪ ತೀರುತ್ತೆ. ಇದಕ್ಕೂ ಸೇವಂತಿಗೆಯ ಕಾನೂನೇ. ಅಕ್ಟೋಬರ್‌ನಿಂದ ಎರಡು ತಿಂಗಳು, ಸಂಜೆ ಐದರಿಂದ ಬೆಳಗ್ಗೆ ಏಳರ ತನಕ ಒಂದು ಚೂರೂ ಬೆಳಕು ತಾಗದ ಕಡೆ ಇಡಬೇಕು. ದೊಡ್ಡ ರಟ್ಟಿನ ಪೆಟ್ಟಿಗೆ ಮುಚ್ಚಿದರೂ ಆಗುತ್ತೆ, ಆನ್‌ಲೈನ್ ಆರ್ಡರ್ ಮಾಡುವ ನಮ್ಮ ಮನೆಗಳಲ್ಲಿ ಅದಕ್ಕೇನು ಬರ! ಹಗಲು ಮರೆಯದೆ ಬಿಸಿಲಿಗೆ ಇಡಿ. ಕಡ್ಡಿ ಮುರಿದರೆ ಹಾಲು ಬರುತ್ತೆ, ಕಣ್ಣಿಗೆ ತಾಗಬಾರದು.

ಇವುಗಳ ಹಿಂದೆ ವರ್ಷವಿಡೀ ನಿಲ್ಲುವ ಬಣ್ಣಕ್ಕೆ ಒಂದೆರಡು ಕ್ರೋಟನ್, ತಾಮ್ರ ಬಣ್ಣದ ಅಕಾಲಿಫಾ ಸಾಕು. ಬಿಸಿಲು ಹೆಚ್ಚಿದಷ್ಟೂ ಇವುಗಳ ಬಣ್ಣ ಗಾಢ. ಅಗ್ನಿಶಿಖೆ, ಅಂದರೆ ಗೌರಿ ಹೂವಿನ ಬಳ್ಳಿ, ಮಳೆಗಾಲದ ಕೊನೆಗೆ ಬೆಂಕಿಯ ಹಾಗೆ ಕಾಣುತ್ತೆ ಅಂತ ಆಸೆ ಪಡುವವರಿದ್ದಾರೆ. ಅದರ ಗೆಡ್ಡೆ ಕಡು ವಿಷ, ಉಳಿದ ಭಾಗವೂ ವಿಷವೇ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಗೆ ಖಂಡಿತ ಬೇಡ.

ಮಣ್ಣಿನ ಬಗ್ಗೆ ಎರಡು ಮಾತು

ಇಲ್ಲಿನ ನರ್ಸರಿಗಳಿಗೆ ಬಹಳಷ್ಟು ಗಿಡ ಬರುವುದು ಗೋದಾವರಿ ಸೀಮೆಯ ಕಡಿಯಂನಿಂದ. ಬೇರಿನ ಸುತ್ತ ಅಲ್ಲಿನ ಅಂಟು ಮಣ್ಣಿನ ಮುದ್ದೆ ಇರುತ್ತೆ. ಅದನ್ನು ಹಾಗೇ ಕುಂಡಕ್ಕೆ ಇಳಿಸಿದರೆ ಹೊರಗಿನ ಮಣ್ಣು ಒಣಗಿದ್ದರೂ ಒಳಗೆ ಕೆಸರು. ಮುದ್ದೆಯ ಅಂಚನ್ನು ಮೆತ್ತಗೆ ಸಡಿಲಿಸಿ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಅಥವಾ ದಪ್ಪ ಮರಳು ಬೆರೆಸಿ ನೆಡಿ. ಮಳೆ ಮುಗಿಯಿತು ಅಂದುಕೊಂಡಾಗಲೂ ಇಲ್ಲಿ ಮಳೆ ಬರುತ್ತೆ. 2020ರ ಅಕ್ಟೋಬರ್ 13, 14ರಂದು ನಗರದ ಸುತ್ತ ಕೆಲವೆಡೆ ಒಂದೇ ದಿನದಲ್ಲಿ 30 ಸೆಂಟಿಮೀಟರ್ ದಾಟಿತ್ತು. ಕುಂಡದ ತಳದ ತೂತು ತೆರೆದಿರಲಿ, ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದಿರಲಿ.

ಕಾಂಪೌಂಡಿಗೆ ಒಂದು ಸಾಲು ಹೊನ್ನಾವರಿಕೆ

ಮುಖ್ಯ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಇಲ್ಲಿನ ಶರತ್ಕಾಲದ ನಿಜವಾದ ಬಣ್ಣ ಯಾವುದು ಅಂತ ತೆಲಂಗಾಣದವರನ್ನು ಕೇಳಿದರೆ ಒಂದೇ ಉತ್ತರ, ತಂಗೇಡು. ಮಹಾಲಯ ಅಮಾವಾಸ್ಯೆಗೆ ಶುರುವಾಗಿ ದುರ್ಗಾಷ್ಟಮಿಗೆ ಮುಗಿಯುವ ಬತುಕಮ್ಮ ಹಬ್ಬದಲ್ಲಿ ಹೂಗಳನ್ನೇ ಗೋಪುರದ ಹಾಗೆ ಜೋಡಿಸಿ, ಸುತ್ತ ಹಾಡಿ ಕುಣಿದು, ಕೊನೆಗೆ ಕೆರೆಗೆ ಬಿಡುತ್ತಾರೆ. ಆ ಗೋಪುರಕ್ಕೆ ತಂಗೇಡು ಮತ್ತು ಗುನುಗು ಇರಲೇಬೇಕು. 2014ರಲ್ಲಿ ತೆಲಂಗಾಣ ರಾಜ್ಯ ಆದಾಗ ಬತುಕಮ್ಮ ರಾಜ್ಯದ ಹಬ್ಬ ಆಯಿತು, ತಂಗೇಡು ರಾಜ್ಯದ ಹೂ ಆಯಿತು.

ತಂಗೇಡು ಬೇರೆ ಯಾವುದೂ ಅಲ್ಲ, ನಮ್ಮ ತಂಗಡಿ, ಆವರಿಕೆ, ಹೊನ್ನಾವರಿಕೆ. ಗುನುಗು ಅಂದರೆ ನಮ್ಮ ಹೊಲದ ಅಣ್ಣೆ ಸೊಪ್ಪಿನ ಹೂ. ಮಧ್ಯ ಕರ್ನಾಟಕದ ಹಳ್ಳಿಗಳಲ್ಲಿ ದೀಪಾವಳಿಯ ಸಗಣಿ ಕೆರಕಕ್ಕೆ ಸಿಕ್ಕಿಸುವ ಕಾಡುಹೂಗಳು ಇವೇ. ದಸರಾ ದಿನ ಇವರು ಹಂಚುವ ಜಮ್ಮಿ ಎಲೆ ನಮ್ಮ ಬನ್ನಿ. ಎಲೆ ಕೊಟ್ಟು "ಬಂಗಾರ" ಅನ್ನುವುದು ಉತ್ತರ ಕರ್ನಾಟಕದಲ್ಲೂ ಇದೆ, ಇಲ್ಲೂ ಇದೆ. ಗಿಡಗಳ ಲೆಕ್ಕದಲ್ಲಿ ನಾವು ಇಲ್ಲಿ ಪರ ಊರಿನವರೇ ಅಲ್ಲ.

ನಮ್ಮ ಫ್ಲೋರಿನ ಪಕ್ಕದ ಮನೆ ಅಕ್ಕ ವಾರಂಗಲ್ ಕಡೆಯವರು. ಚಿಕ್ಕವರಿದ್ದಾಗ ಹಬ್ಬಕ್ಕೆ ಕೆರೆ ಏರಿ ಮೇಲೆ ಹೋಗಿ ಮಡಿಲು ತುಂಬ ತಂಗೇಡು ತರುತ್ತಿದ್ದರಂತೆ. ಈಗ ದುಡ್ಡು ಕೊಟ್ಟು ಕಟ್ಟು ತರಿಸುತ್ತಾರೆ. ಬರುವಷ್ಟರಲ್ಲಿ ಅರ್ಧ ಬಾಡಿರುತ್ತೆ. ಅವರ ಹೂ ಬೆಳೆಯುತ್ತಿದ್ದ ಬಂಡೆ, ಕುರುಚಲು ಇರುವಂಥ ನೆಲದ ಮೇಲೇ ನಮ್ಮ ಆಫೀಸುಗಳೂ ಟವರ್‌ಗಳೂ ಎದ್ದಿವೆ. ಅದನ್ನು ಕಟ್ಟಿದವರು ನಾವಲ್ಲ ಅನ್ನಬಹುದು. ಆದರೆ ಅಲ್ಲಿ ವಾಸ ಇರುವವರು ನಾವೇ ತಾನೆ?

ಅದಕ್ಕೇ ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಕಾಂಪೌಂಡ್ ಗೋಡೆ ಪಕ್ಕ ಯಾವ ಗಿಡ ಹಾಕೋಣ ಅಂತ ಬಂದಾಗ ನಾನು ಹೊನ್ನಾವರಿಕೆ ಹೆಸರು ಹೇಳಿದೆ. "ಅದು ಕಾಡುಗಿಡ ಅಲ್ವಾ?" ಅಂದರು ಒಬ್ಬರು. ಹೌದು, ಅದೇ ಅದರ ಗುಣ. ಬೇರೂರಿದ ಮೇಲೆ ಟ್ಯಾಂಕರ್ ನೀರು ಕೇಳಲ್ಲ. ಆಳೆತ್ತರದ ಪೊದೆ, ಸವರಿದರೆ ಬೇಲಿ. ಪೂರ್ತಿ ಬಿಸಿಲು ಬೇಕು ಅಷ್ಟೆ. ಹಳದಿ ಚಿಟ್ಟೆಗಳು ಇದರ ಎಲೆ ಮೇಲೆ ಮೊಟ್ಟೆ ಇಡುತ್ತವೆ. ಮರಿಹುಳು ನಾಲ್ಕು ಎಲೆ ತಿಂದಿತು ಅಂತ ಔಷಧ ಹೊಡೆಯಬಾರದು. ಈ ಸಲ ಹತ್ತು ಅಡಿ ಸಾಲಿಗೆ ಒಪ್ಪಿಗೆ ಸಿಕ್ಕಿದೆ.

ಬೆಳೆಸುವುದು ಸುಲಭ. ಒಣಗಿದ ಕಾಯಿಯ ಬೀಜ ತಂದು, ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ಬಿಡಿ, ಸಿಪ್ಪೆ ಗಟ್ಟಿ ಇರುತ್ತೆ. ಜೂನ್ ಮಳೆ ಬಿದ್ದ ಮೇಲೆ ಗಿಡ ಎಲ್ಲಿ ಬೇಕೋ ಅಲ್ಲೇ ಬಿತ್ತಿ. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಕಿತ್ತು ನೆಟ್ಟರೆ ಮುನಿಸು. ಮೊದಲ ವರ್ಷ ಹೆಚ್ಚು ಹೂ ನಿರೀಕ್ಷೆ ಬೇಡ. ನರ್ಸರಿಯಲ್ಲಿ ಕೇಳುವಾಗ ಎಚ್ಚರ, ಸೀಮೆ ತಂಗಡಿ ಕೊಟ್ಟಾರು. ಅದಕ್ಕೂ ಹಳದಿ ಹೂವೇ, ಆದರೆ ಅದು ದೊಡ್ಡ ಮರ. ಗುನುಗು ಒಂದು ಹಂಗಾಮಿನ ಗಿಡ. ಆದರೆ ಬೀಜ ಉದುರಿಸಿ ಮುಂದಿನ ಮಳೆಗೆ ತಾನೇ ಹುಟ್ಟಿಕೊಳ್ಳುತ್ತೆ, ಹೊನ್ನಾವರಿಕೆಯ ಬುಡದಲ್ಲಿ ಒಂದು ಹಿಡಿ ಎರಚಿದರೆ ಸಾಕು.

ತಿಂಗಳ ಲೆಕ್ಕ

ಫೆಬ್ರವರಿ: ಸೇವಂತಿಗೆ ಮರಿ ಬೇರ್ಪಡಿಸಿ, ಗೊರಟೆ ಸವರಿ. ಏಪ್ರಿಲ್, ಮೇ: ನೆರಳು ಕೊಟ್ಟು ಬದುಕಿಸಿ, ಗೊಬ್ಬರ ಬೇಡ. ಜೂನ್: ಹೊನ್ನಾವರಿಕೆ ಬಿತ್ತನೆ, ಗೊರಟೆ ಕಡ್ಡಿ ನಾಟಿ, ಹೊಸ ಮಣ್ಣು. ಆಗಸ್ಟ್ 3: ಬಾಟಲಿಯ ನೆರಳು ನೋಡಿ, ಚಿವುಟುವುದು ನಿಲ್ಲಿಸಿ, ಕುಂಡಗಳನ್ನು ದಕ್ಷಿಣಕ್ಕೆ ಸರಿಸಿ. ಸೆಪ್ಟೆಂಬರ್: ರಾತ್ರಿ ಒಂದು ಸುತ್ತು ಹೋಗಿ ದೀಪ ಪರೀಕ್ಷಿಸಿ. ಅಕ್ಟೋಬರ್: ಪಾಯಿನ್‌ಸೆಟಿಯಾಕ್ಕೆ ಪೆಟ್ಟಿಗೆ.

ಈ ವರ್ಷ ಎಲ್ಲವನ್ನೂ ತರೋಕೆ ಹೋಗಬೇಡಿ. ಒಂದು ಸೇವಂತಿಗೆ, ಒಂದು ಗೊರಟೆ, ಉತ್ತರದವರಾದರೆ ಒಂದು ಕನಕಾಂಬರ. ಜೊತೆಗೆ ನಿಮ್ಮ ಅಸೋಸಿಯೇಷನ್ನಿಗೆ ಹೊನ್ನಾವರಿಕೆ ಸಾಲಿಗಾಗಿ ಒಂದು ಅರ್ಜಿ. ಗಿಡ ಬಂದ ಮೇಲೆ ಬತುಕಮ್ಮದ ದಿನ ಅಕ್ಕಪಕ್ಕದವರು ಕೇಳುವ ಮೊದಲೇ ನೀವೇ ಹೂ ಕೊಯ್ದು ಕೊಡಿ. ಅರಳಿದ್ದನ್ನಷ್ಟೇ ಕೊಯ್ಯಿರಿ, ಮೊಗ್ಗು ನಾಳೆಗೆ ಇರಲಿ.